ಶರಣಮ್ಮನ ಉಳ್ಳಾಗಡ್ಡಿ, ನನ್ನ ಈರುಳ್ಳಿ

ನನ್ನ ತಲೆಯೊಳಗೆ ಏನೂ ಇಲ್ಲ.

ಇದನ್ನು ನನ್ನ ಹೆಂಡತಿ ವಿಮಲಾ ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಾ ಬಂದಿದ್ದಾಳೆ. ನಾನು ನಂಬಿರಲಿಲ್ಲ. ಈಗ ಕಂಟೋನ್ಮೆಂಟ್ ಕಡೆಯ ಒಂದು ದೊಡ್ಡ ಆಸ್ಪತ್ರೆಯ ಡಾಕ್ಟರೇ ಕಂಪ್ಯೂಟರ್ ಪರದೆ ತೋರಿಸಿ ಅದನ್ನು ಹೇಳಿದ್ದಾರೆ. "ಸಾರಿ ಸರ್, ನಿಮ್ಮದ್ರಲ್ಲಿ ಏನೂ ಸಿಗ್ಲಿಲ್ಲ" ಅಂದರು. ಪಕ್ಕದಲ್ಲಿ ನಿಂತಿದ್ದ ವಿಮಲಾ ಏನೂ ಮಾತಾಡಲಿಲ್ಲ. ಮಾತಾಡುವ ಅಗತ್ಯ ಅವಳಿಗೆ ಕಾಣಲಿಲ್ಲ.

ಗಾಬರಿಯಾಗಬೇಡಿ, ಕಾಯಿಲೆ ನನಗಲ್ಲ. ಕಾಯಿಲೆ ನಮ್ಮ ಮನೆ ಕೆಲಸಕ್ಕೆ ಬರುವ ಶರಣಮ್ಮನಿಗೆ. ನಾನು ಆಸ್ಪತ್ರೆಗೆ ಹೋಗಿದ್ದು ಕನ್ನಡ ಪಂಡಿತನಾಗಿ. ಹೋದ ಪಂಡಿತ ಹೇಗೆ ವಾಪಸ್ ಬಂದ ಅನ್ನುವುದೇ ಈ ವಾರದ ವಿಷಯ.

ಶರಣಮ್ಮ ಜೇವರ್ಗಿ ಕಡೆಯವರು. ಗಂಡ ಮಲ್ಲಣ್ಣ ಹೊರಮಾವಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ರಾಮಮೂರ್ತಿ ನಗರದಲ್ಲಿ ಒಂದು ಬಾಡಿಗೆ ರೂಮು, ಒಂಬತ್ತನೇ ಕ್ಲಾಸಿನಲ್ಲಿ ಓದುವ ಮಗಳು ಭಾಗ್ಯ. ಏಳು ವರ್ಷದಿಂದ ಶರಣಮ್ಮ ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ಬರುತ್ತಿದ್ದಾರೆ. ಬಂದ ಕೂಡಲೇ ಮಾತು ಶುರು. ಓನರ್ ನೀರಿನ ಮೋಟರಿಗೆ ಬೀಗ ಹಾಕಿದ್ದು, ಊರಲ್ಲಿ ನಾದಿನಿ ಮುನಿಸಿಕೊಂಡಿದ್ದು, ಕಂಡಕ್ಟರು ಇವರನ್ನು ಒಂದು ಸ್ಟಾಪ್ ಮುಂದೆ ಇಳಿಸಿದ್ದು. ನಾನು ಅಂಕಣ ಬರೆಯಲು ಕೂರುವ ಹೊತ್ತಿಗೂ ಅವರು ಹಾಲ್ ಗುಡಿಸುವ ಹೊತ್ತಿಗೂ ಸರಿಯಾಗಿ ತಾಳೆಯಾಗುತ್ತಿತ್ತು.

"ಶರಣಮ್ಮಾ, ಒಂದು ಗಂಟೆ ಸುಮ್ನಿರ್ತೀಯಾ?" ಅನ್ನುತ್ತಿದ್ದೆ.

"ಆಯ್ತ್ರೀ ಸರ" ಅಂದು ಮುಂದುವರಿಸುತ್ತಿದ್ದರು.

ಈ ಬೇಸಿಗೆಯಲ್ಲಿ ಅವರ ಮಾತು ಕಮ್ಮಿಯಾಗತೊಡಗಿತು. ಮೊದಲು ಕಥೆಗಳು ಗಿಡ್ಡವಾದವು. ಆಮೇಲೆ ಅರ್ಧಕ್ಕೇ ನಿಲ್ಲತೊಡಗಿದವು. ನಾನು ಏನು ಮಾಡಿದೆ? ಖುಷಿಪಟ್ಟೆ. ಎರಡು ಅಂಕಣಗಳನ್ನು ಗಡುವಿಗಿಂತ ಮೊದಲೇ ಕಳಿಸಿದೆ. (ಸಂಪಾದಕರು ಫೋನ್ ಮಾಡಿ ಆರೋಗ್ಯ ವಿಚಾರಿಸಿದರು.) "ಕೊನೆಗೂ ಬುದ್ಧಿ ಬಂದಿದೆ ನೋಡು ಅವಳಿಗೆ" ಅಂತ ವಿಮಲಾಗೆ ಹೇಳಿದೆ.

ಒಂದು ದಿನ ಶರಣಮ್ಮ ನನ್ನ ಮೇಜಿನ ಹತ್ತಿರ ನಿಂತು ಬಾಗಿಲ ಮೂಲೆಯತ್ತ ಕೈ ತೋರಿಸಿದರು. "ಅದು… ಅದು ಕೊಡ್ರಿ ಸರ."

ಮೂಲೆಯಲ್ಲಿದ್ದದ್ದು ಪೊರಕೆ. ಅದು ನನಗೆ ಚೆನ್ನಾಗಿ ಗೊತ್ತಾಯಿತು. ಆದರೂ ಅಂದೆ, "ಅದು ಅಂದ್ರೆ ಯಾವುದು? ವಸ್ತುವಿಗೆ ಒಂದು ಹೆಸರು ಅಂತ ಇರುತ್ತಲ್ಲ, ಹೆಸರು ಹೇಳಿ ಕೇಳು."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ತುಟಿ ಅಲುಗಿತು. ಆಮೇಲೆ ತಾವೇ ಹೋಗಿ ಎತ್ತಿಕೊಂಡರು. ಎಷ್ಟು ಕೊಬ್ಬು ಅಂದುಕೊಂಡೆ. ಯಾರಿಗೆ ಅಂತ ನೀವು ಕೇಳಬಹುದು. ಆಗ ನನಗೆ ಅನುಮಾನವಿರಲಿಲ್ಲ.

ವಾರಕ್ಕೊಮ್ಮೆ ಭಾಷೆಯ ಬಗ್ಗೆ ಬರೆಯುವವನು ನಾನು. ಅಂಗಡಿ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಸ್ಕೂಟರ್ ನಿಲ್ಲಿಸಿ ಜಗಳ ಆಡುವವನು. ನನ್ನ ಮನೆಯೊಳಗೆ, ನನ್ನ ಮೇಜಿನಿಂದ ನಾಲ್ಕು ಅಡಿ ದೂರದಲ್ಲಿ ಒಬ್ಬ ಹೆಂಗಸಿನ ಮಾತು ದಿನಾ ಒಂದೊಂದು ಪದವಾಗಿ ಉದುರಿಹೋಗುತ್ತಿತ್ತು. ನನಗದು ಶಾಂತಿಯಂತೆ ಕೇಳಿಸಿತು.

ವಿಮಲಾಗೆ ಹಾಗೆ ಕೇಳಿಸಲಿಲ್ಲ. "ರೀ, ಶರಣಮ್ಮ ಟೀ ಬೇಕಾದ್ರೆ ನೀರು ಅಂತಾಳೆ. ಬಲಗೈಲಿ ಲೋಟ ನಿಲ್ತಿಲ್ಲ. ಏನೋ ಸರಿ ಇಲ್ಲ" ಅಂದಳು. ನಾನು ಪೇಪರಿನಿಂದ ತಲೆ ಎತ್ತದೆ "ನಿದ್ದೆ ಇಲ್ಲ ಅನ್ಸತ್ತೆ" ಅಂದೆ.

ಅದಾದ ಮೂರನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಓಡಿಹೋದೆವು. ಶರಣಮ್ಮ ಸಿಂಕಿಗೆ ಒರಗಿ ನಿಂತಿದ್ದರು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಬಲಗೈ ತನ್ನಷ್ಟಕ್ಕೆ ಜಗ್ಗುತ್ತಿತ್ತು. ಕಣ್ಣು ತೆರೆದೇ ಇದ್ದವು. ಎಲ್ಲ ಗೊತ್ತಾಗುತ್ತಿದೆ, ಹೇಳಲು ಆಗುತ್ತಿಲ್ಲ ಅನ್ನುವ ಕಣ್ಣು. ವಿಮಲಾ ಅವರನ್ನು ತಬ್ಬಿ ನೆಲಕ್ಕೆ ಕೂರಿಸಿದಳು. ನಾನು ಬಾಗಿಲಲ್ಲಿ ನಿಂತು, "ಏನಾಯ್ತು? ಏನಾಯ್ತು ಅಂತ ಹೇಳು" ಅಂತ ಕೇಳುತ್ತಿದ್ದೆ. ಮಾತೇ ನಿಂತುಹೋದವರ ಹತ್ತಿರ.

ಎರಡು ಮೂರು ನಿಮಿಷಕ್ಕೆ ಎಳೆತ ನಿಂತಿತು. ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಆಯಿತು. ಮಲ್ಲಣ್ಣ ಕೆಲಸದ ಜಾಗದಿಂದ ಸಿಮೆಂಟಿನ ಕೈಯಲ್ಲೇ ಬಂದ. ಮೆದುಳಿನ ಎಡಗಡೆ, ಮುಂಭಾಗದಲ್ಲಿ, ಬೆಟ್ಟದ ನೆಲ್ಲಿಕಾಯಿಯಷ್ಟು ಗಡ್ಡೆ. ನಿಧಾನವಾಗಿ ಬೆಳೆಯುವ ಜಾತಿಯದ್ದಿರಬಹುದು ಅಂದರು. ಆದರೂ ತೆಗೆಯಲೇಬೇಕು.

ತೊಂದರೆ ಏನೆಂದರೆ, ಮಾತಿನ ಜಾಗವೂ ಅಲ್ಲೇ ಎಲ್ಲೋ ಇರುತ್ತದೆ.

ಇದನ್ನೆಲ್ಲ ನಮಗೆ ಬಿಡಿಸಿ ಹೇಳಿದವರು ಡಾಕ್ಟರ್ ಶೀಲಾ. ಹಲಸೂರಿನ ಹುಡುಗಿ, ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ. ಒಂದು ಚೀಟಿಯ ಮೇಲೆ ಮೆದುಳಿನ ಚಿತ್ರ ಬರೆದು ಮಲ್ಲಣ್ಣನ ಮುಂದೆ ಇಟ್ಟರು.

"ನೋಡಿ ಅಣ್ಣಾ, ಮಾಮೂಲಿ ಸ್ಕ್ಯಾನ್‌ನಲ್ಲಿ ಗಡ್ಡೆ ಎಲ್ಲಿದೆ ಅಂತ ಗೊತ್ತಾಗತ್ತೆ. ಮಾತು ಎಲ್ಲಿದೆ ಅಂತ ಗೊತ್ತಾಗಲ್ಲ. ಅದು ಎಲ್ರಿಗೂ ಕರೆಕ್ಟಾಗಿ ಒಂದೇ ಕಡೆ ಇರಲ್ಲ. ಗಡ್ಡೆ ಬೆಳೀತಾ ಅದನ್ನ ಪಕ್ಕಕ್ಕೆ ತಳ್ಳಿರಬಹುದು. ಅದಕ್ಕೇ ಇನ್ನೊಂದು ಸ್ಕ್ಯಾನ್ ಮಾಡ್ತೀವಿ. ಅಕ್ಕ ಒಳಗೆ ಮಲಗಿ ಪದ ಯೋಚನೆ ಮಾಡ್ತಾರೆ. ಮೆದುಳಲ್ಲಿ ಯಾವ ಜಾಗ ಕೆಲಸ ಮಾಡತ್ತೋ ಆ ಜಾಗಕ್ಕೆ ರಕ್ತ ಜಾಸ್ತಿ ಹೋಗತ್ತೆ. ಮಿಷಿನ್ ಅದನ್ನ ನೋಡತ್ತೆ. ಚಿತ್ರದಲ್ಲಿ ಅಲ್ಲಿ ಬಣ್ಣ ಬರತ್ತೆ. ಸರ್ಜನ್‌ಗೆ ಕೈಹಾಕೋ ಮುಂಚೆನೇ ದಾರಿ ಗೊತ್ತಿರತ್ತೆ."

ಮಲ್ಲಣ್ಣ ಚೀಟಿಯನ್ನು ನೋಡುತ್ತಲೇ ಕೇಳಿದ. "ಕುಯ್ಯದೇ ಕಾಣ್ತದೇನ್ರಿ?"

"ಕುಯ್ಯದೇ ಕಾಣತ್ತೆ. ಸೂಜಿ ಕೂಡ ಇಲ್ಲ."

ಕೆಲಸ ಸರಳ. ಹೆಡ್‌ಫೋನಿನಲ್ಲಿ ಒಂದು ವಸ್ತುವಿನ ಹೆಸರು ಕೇಳಿಸುತ್ತದೆ. ಅದರಿಂದ ಏನು ಮಾಡುತ್ತಾರೆ ಅಂತ ಮನಸ್ಸಿನಲ್ಲೇ ಅಂದುಕೊಳ್ಳಬೇಕು. ನೀರು ಅಂದರೆ ಕುಡಿ. ಬಟ್ಟೆ ಅಂದರೆ ಒಗಿ. ಬಾಯಿ ಆಡಿಸಬಾರದು, ತಲೆ ಅಲುಗಿಸಬಾರದು. ಸ್ವಲ್ಪ ಹೊತ್ತು ಪದ, ಸ್ವಲ್ಪ ಹೊತ್ತು ವಿರಾಮ, ಮತ್ತೆ ಪದ.

"ಅಕ್ಕಂದು ಯಾವ ಭಾಷೆ?"

"ಕನ್ನಡ. ಅಪ್ಪಟ ಕನ್ನಡ" ಅಂದೆ ನಾನು. ಕೇಳಿದ್ದು ನನ್ನನ್ನಲ್ಲ.

ಡಾಕ್ಟರು ಹಣೆ ಉಜ್ಜಿಕೊಂಡರು. "ಇಂಗ್ಲಿಷ್ ಲಿಸ್ಟ್ ಇದೆ, ಹಿಂದಿ ಇದೆ. ಕನ್ನಡದ್ದು ಈಗ ಮಾಡ್ಕೋಬೇಕು. ನಮ್ಮನೇಲಿ ತಮಿಳು ಸರ್. ನನ್ನ ಕನ್ನಡ ಹಲಸೂರು ಮಾರ್ಕೆಟ್ ಕನ್ನಡ."

ಆಗ ವಿಮಲಾ ತನ್ನ ಜೀವನದ ಎರಡನೇ ದೊಡ್ಡ ತಪ್ಪು ಮಾಡಿದಳು. "ಇವ್ರು ಪೇಪರ್‌ಗೆ ಬರೀತಾರೆ. ಇವ್ರ ಹತ್ರ ಬರೆಸ್ಕೊಳ್ಳಿ." (ಮೊದಲನೆಯದು ಇಪ್ಪತ್ತೆರಡು ವರ್ಷ ಹಿಂದಿನದು.)

ನಲವತ್ತು ಪದ ಬೇಕು, ದಿನಬಳಕೆಯವು, ಸುಲಭದವು ಅಂತ ಡಾಕ್ಟರು ಹೇಳಿದ್ದರು. ನನಗೆ ಕೇಳಿಸಿದ್ದು ನಲವತ್ತು ಮಾತ್ರ. ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತೆ. ಮೊದಲ ಬಾರಿಗೆ ಕನ್ನಡ ಒಬ್ಬರ ಮೆದುಳಿನೊಳಗೆ ಬಣ್ಣವಾಗಿ ಹೊಳೆಯಲಿದೆ. ಅಂಥಾ ಕಡೆ ರೇಡಿಯೋ ಅಂತ ಬರೆಯುವುದೇ? ಬಾನುಲಿ ಅಂತ ಬರೆದೆ. ಪೆನ್ನಿಗೆ ಲೇಖನಿ. ಫೋನಿಗೆ ದೂರವಾಣಿ. ಛತ್ರಿ ಯಾಕೋ ಒರಟಾಯಿತು ಅನ್ನಿಸಿ ಕೊಡೆ ಅಂತ ಮಾಡಿದೆ. ಫ್ಯಾನಿಗೆ ಬೀಸಣಿಗೆ. ಪೊರಕೆ, ಈರುಳ್ಳಿ, ಚೊಂಬು ಮುಂತಾದ ಬಡಪಾಯಿ ಪದಗಳನ್ನೂ ಸೇರಿಸಿದೆ, ಜನಸಾಮಾನ್ಯರ ಮೇಲೆ ಗೌರವವಿದೆ ಅಂತ ತೋರಿಸಲು.

ಡಾಕ್ಟರ್ ಶೀಲಾ ಪಟ್ಟಿ ಓದಿದರು. "ಬಾನುಲಿ ಅಂದ್ರೇನು ಸರ್?"

ವಿವರಿಸಿದೆ.

"ಇದು ಅವರಿಗೆ ಗೊತ್ತಿರತ್ತಾ?"

"ಕನ್ನಡದವರಿಗೆ ಕನ್ನಡ ಗೊತ್ತಿರಲ್ವಾ ಡಾಕ್ಟ್ರೇ?" ಅಂದೆ. ಆ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಪಟ್ಟಿಯನ್ನು ಫೈಲಿಗೆ ಸೇರಿಸಿತು. ನನಗೆ ಗೆದ್ದಂತಾಯಿತು.

ಪದಗಳನ್ನು ನಾನೇ ಓದಿ ರೆಕಾರ್ಡ್ ಮಾಡಿಕೊಟ್ಟೆ. ಹೊಸ ಪಟ್ಟಿಯಾದ್ದರಿಂದ ಮೊದಲು ಕಾಯಿಲೆ ಇಲ್ಲದ ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕು ಅಂದರು. ಅದಕ್ಕೂ ನಾನೇ ಮುಂದೆ ಬಂದೆ. ವಾಚು, ಬೆಲ್ಟು, ಕೀ ತೆಗೆದಿಟ್ಟು, ನೀಲಿ ಗೌನ್ ತೊಟ್ಟು ಮಲಗಿದೆ. (ಗೌನಿನ ಹಿಂಭಾಗದ ಬಗ್ಗೆ ಬರೆಯುವುದಿಲ್ಲ.) ತಲೆಗೆ ಒಂದು ಪಂಜರ ಹಾಕಿ ಸುರಂಗದೊಳಗೆ ತಳ್ಳಿದರು. ಕಟಕಟಕಟ ಅಂತ ಯಾರೋ ತಗಡು ಬಡಿದಂತೆ ಸದ್ದು. ಅದರ ನಡುವೆ ನನ್ನದೇ ದನಿ, "ಲೇಖನಿ." ಎಷ್ಟು ಸ್ಪಷ್ಟ. "ದೂರವಾಣಿ." ಎಂಥಾ ಉಚ್ಚಾರಣೆ.

ಹೊರಗೆ ಬಂದಾಗ ಡಾಕ್ಟರು ಪರದೆ ತೋರಿಸಿದರು. ಅದೇ, ನಾನು ಆಗಲೇ ಹೇಳಿದ ಮಾತು. "ಸಾರಿ ಸರ್, ಏನೂ ಸಿಗ್ಲಿಲ್ಲ. ಪ್ರತಿ ಪದಕ್ಕೂ ತಲೆ ಆಡ್ಸಿದ್ದೀರ. ಪಿಕ್ಚರ್ ಎಲ್ಲಾ ಶೇಕ್ ಆಗಿದೆ."

ನನ್ನ ದನಿಗೆ ನಾನೇ ತಲೆದೂಗಿದ್ದೆ.

ಮಷಿನ್ ಖಾಲಿ ಇದ್ದ ಹೊತ್ತು ಅಷ್ಟೇ. ಮತ್ತೊಬ್ಬರ ಮೇಲೆ ಪ್ರಯೋಗಿಸಲು ಸಮಯವಿರಲಿಲ್ಲ. ಮಾರನೇ ದಿನ ಶರಣಮ್ಮನ ಸರದಿ. ನೀರು, ಅನ್ನ, ಬಟ್ಟೆ ಅಂತ ನಾಲ್ಕೈದು ಪದಗಳಲ್ಲಿ ಹೊರಗೇ ಅಭ್ಯಾಸ ಮಾಡಿಸಿದಾಗ ನಿಧಾನವಾಗಿ ಸರಿಯಾಗೇ ಹೇಳಿದರು. ತಾಳಿ, ಕಾಲುಂಗುರ ತೆಗೆಯಬೇಕು ಅಂದಾಗ ಮಾತ್ರ ಹಿಂಜರಿದರು. ವಿಮಲಾ ಅವನ್ನು ತನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಎದುರಿಗೇ ಕೂತಳು. ಅವರು ತಲೆಯನ್ನು ಕೂದಲೆಳೆಯಷ್ಟೂ ಅಲುಗಿಸದೆ ಇಪ್ಪತ್ತು ನಿಮಿಷ ಮಲಗಿದರು.

ಚಿತ್ರ ಬಂತು. ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ. ಮಾತಿನ ಜಾಗ ಇದು ಅಂತ ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ.

ಡಾಕ್ಟರ್ ಶೀಲಾ ಬಹಳ ಹೊತ್ತು ಪರದೆ ನೋಡಿದರು. "ಎರಡು ಕಾರಣ ಇರಬಹುದು. ಅಕ್ಕ ಪದ ಯೋಚನೆ ಮಾಡ್ಲಿಲ್ಲ. ಇಲ್ಲಾ, ಗಡ್ಡೆ ಆಗ್ಲೇ ಆ ಜಾಗ ಹಾಳು ಮಾಡಿದೆ."

"ಅಂದ್ರ ಮಾತ್ ಹೋಗ್ಯದ ಅಂತೇನ್ರಿ?" ಮಲ್ಲಣ್ಣನ ದನಿ ಬಹಳ ಸಣ್ಣಗಿತ್ತು.

"ಹಾಗಂತ ಹೇಳಕ್ಕಾಗಲ್ಲ ಅಣ್ಣಾ. ಆದ್ರೆ ಇಷ್ಟರಲ್ಲಿ ಸರ್ಜನ್‌ಗೆ ದಾರಿ ಸಿಗಲ್ಲ. ಹೆದರಿ ಗಡ್ಡೆ ಜಾಸ್ತಿ ಬಿಡಬೇಕಾಗತ್ತೆ. ಅಥವಾ ಗೊತ್ತಿಲ್ದೆ ಮಾತಿಗೇ ಕೈ ತಾಗಬಹುದು."

ಕಾರಿಡಾರಿನ ಬೆಂಚಿನ ಮೇಲೆ ಶರಣಮ್ಮ ಕೂತಿದ್ದರು. ವಿಮಲಾ ಅವರ ಕಾಲಿಗೆ ಉಂಗುರ ಹಾಕುತ್ತಾ ಸುಮ್ಮನೆ ಕೇಳಿದಳು. "ಒಳಗೆ ಏನ್ ಕೇಳಿಸ್ತು ಶರಣಮ್ಮ?"

ಉತ್ತರ ಬರಲು ಹೊತ್ತು ಹಿಡಿಯಿತು. ಒಂದೊಂದು ಪದವನ್ನೂ ಬಾವಿಯಿಂದ ಸೇದಿದಂತೆ. "ಸರ್ರು… ಕೊಡೆ… ಅಂದ್ರು. ಏನು ಕೊಡಂಗಿಲ್ಲ ಅಂತಾರ… ಅಂತ… ಅದೇ ವಿಚಾರ ಮಾಡಿಕೋತ ಬಿದ್ದಿದ್ದೆ."

ನಾನು ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದೆ.

"ಆಮೇಲೆ?" ಅಂದಳು ವಿಮಲಾ.

"ಬಾನುಲಿ ಅಂದ್ರು. ಅದು ಯಾರ ಹೆಸರ್ರಿ ಅಕ್ಕಾರ?"

ಮಲ್ಲಣ್ಣ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡ. ಏಳನೇ ಕ್ಲಾಸ್ ಓದಿದವನು. ಬೆರಳಿಟ್ಟು ಓದಿದ. "ಸರ, ಪೊರಕೆ ಈರುಳ್ಳಿ ಇಕಿಗೆ ಗೊತ್ತದರಿ, ಇಲ್ಲಿ ಏಳು ವರ್ಷ ಆತಲ್ಲ. ಆದ್ರ ಮನ್ಯಾಗ ನಾವು ಕಸಬರಿಗಿ ಅಂತೀವಿ. ಉಳ್ಳಾಗಡ್ಡಿ ಅಂತೀವಿ. ಚೊಂಬಿಗೆ ತಂಬಗಿ. ನಿಮ್ಮ ಮನಿ ಮಾತು ಇಕಿ ಒಂದು ಕ್ಷಣ ನಿಂತು ತಿರುವಿಕೋಬೇಕು. ಈಗ ತಿರುವಿಕೊಳ್ಳಾಕ ಆಗವಲ್ದೇನೋ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಡಾಕ್ಟರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವರು ನಿಟ್ಟುಸಿರು ಬಿಟ್ಟರು, ಸಮಾಧಾನದ ನಿಟ್ಟುಸಿರು. "ಹಾಗಾದ್ರೆ ಇನ್ನೊಂದ್ಸಲ ಮಾಡೋಣ. ಈ ಸಲ ಅಕ್ಕಂಗೇ ಕೇಳಿ ಲಿಸ್ಟ್ ಮಾಡಿ."

ಎರಡನೇ ಪಟ್ಟಿ ತಯಾರಾದದ್ದು ನಮ್ಮ ಅಡುಗೆಮನೆಯ ನೆಲದ ಮೇಲೆ. ವಿಮಲಾ ಒಂದೊಂದೇ ಸಾಮಾನು ಎತ್ತಿ ತೋರಿಸುತ್ತಿದ್ದಳು, ಶರಣಮ್ಮ ಹೆಸರು ಹೇಳುತ್ತಿದ್ದರು, ನಾನು ಗುಮಾಸ್ತನಂತೆ ಬರೆದುಕೊಳ್ಳುತ್ತಿದ್ದೆ. ಉಳ್ಳಾಗಡ್ಡಿ. ಶೇಂಗಾ. ತಂಬಗಿ. ಕಸಬರಿಗಿ. ಛತ್ರಿ. ಏಳು ವರ್ಷದಲ್ಲಿ ಈ ಪದಗಳನ್ನು ನಮ್ಮ ಮನೆಯಲ್ಲಿ ಅವರು ಆಡಿರಲಿಲ್ಲ. ಯಾಕೆ? ಮೊದಲ ತಿಂಗಳಲ್ಲೇ ನಾನು ತಿದ್ದಿದ್ದೆನಂತೆ. ನನಗೆ ನೆನಪೇ ಇಲ್ಲ.

ಕೆಲವು ಪದ ಬರಲಿಲ್ಲ. ಲಟ್ಟಣಿಗೆ ತೋರಿಸಿದಾಗ ಶರಣಮ್ಮ ಅದನ್ನು ಕೈಗೆ ತೆಗೆದುಕೊಂಡು ಗಾಳಿಯಲ್ಲೇ ಚಪಾತಿ ಲಟ್ಟಿಸಿ ತೋರಿಸಿದರು. ಹೆಸರು ಬರಲಿಲ್ಲ. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, ಕೊನೆಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಅಕ್ಕಾರ, ಆಪರೇಷನ್ ಆದಮ್ಯಾಲ… ಭಾಗ್ಯಾನ ಹೆಸರು ಹಿಡಿದು ಕರೀಲಾಕ… ಬರ್ತದೋ ಇಲ್ಲೋ?"

ವಿಮಲಾ ಅವರ ಕೈ ಹಿಡಿದುಕೊಂಡಳು. ನಾನು ಬರೆಯುವುದಕ್ಕೆ ಏನೂ ಇಲ್ಲದಿದ್ದರೂ ಪುಸ್ತಕ ನೋಡುತ್ತಾ ಇದ್ದೆ.

ಈ ಸಲ ರೆಕಾರ್ಡಿಂಗಿಗೆ ಮಲ್ಲಣ್ಣನ ದನಿ. ಮೈಕಿನ ಮುಂದೆ ನಿಂತು ಬೆವೆತು, ಪ್ರತಿ ಪದವನ್ನೂ ಹಾಜರಿ ಕೂಗಿದಂತೆ ಓದಿದ. ಉಚ್ಚಾರಣೆಯ ಬಗ್ಗೆ ನಾನೊಂದು ಸಲಹೆ ಕೊಡಲು ಹೋದೆ. ವಿಮಲಾ ನನ್ನ ಕಾಲು ತುಳಿದಳು.

ಶರಣಮ್ಮ ಮತ್ತೆ ಒಳಗೆ ಹೋದರು. ಮತ್ತೆ ಅದೇ ತಗಡಿನ ಸದ್ದು. ನಾವು ಗಾಜಿನಾಚೆ. ಒಂದಷ್ಟು ಲೆಕ್ಕಾಚಾರ ಮುಗಿಸಿ ಡಾಕ್ಟರ್ ಶೀಲಾ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ಮೆದುಳಿನ ಮೇಲೆ ಕಿತ್ತಳೆ ಬಣ್ಣದ ಒಂದು ಗುಡ್ಡೆ. ಗಡ್ಡೆಯ ಹಿಂದೆ, ಸ್ವಲ್ಪ ಕೆಳಗೆ ಸರಿದಿತ್ತು. ಎರಡರ ನಡುವೆ ಒಂದು ಕಡೆ ಬೆರಳಿನಷ್ಟು ಸಂದು. ಇನ್ನೊಂದು ಕಡೆ ಸಂದೇ ಇಲ್ಲ, ಅಂಟಿಕೊಂಡೇ ಇತ್ತು.

"ಮಾತು ಇಲ್ಲಿದೆ ಅಣ್ಣಾ. ಹೋಗಿಲ್ಲ."

ಮಲ್ಲಣ್ಣ ಪರದೆಯ ಹತ್ತಿರ ಹೋಗಿ ಆ ಕಿತ್ತಳೆ ಗುಡ್ಡೆಯನ್ನು ನೋಡಿದ. ಮುಟ್ಟಬಹುದಾ ಅಂತ ಕಣ್ಣಲ್ಲೇ ಕೇಳಿದ. ಡಾಕ್ಟರು ತಲೆಯಾಡಿಸಿದರು. ಮುಟ್ಟಿದ.

ಆಪರೇಷನ್ ಅದರ ಮರುವಾರ ಆಯಿತು. ಆಪರೇಷನ್ ನಡುವೆಯೇ ಒಂದಿಷ್ಟು ಹೊತ್ತು ಶರಣಮ್ಮನನ್ನು ಎಚ್ಚರಗೊಳಿಸಿ ಚಿತ್ರ ತೋರಿಸಿ ಹೆಸರು ಹೇಳಿಸಿದರಂತೆ, ಸ್ಕ್ಯಾನ್ ತೋರಿಸಿದ ದಾರಿ ಸರಿಯಿದೆಯೇ ಅಂತ ಹೆಜ್ಜೆ ಹೆಜ್ಜೆಗೂ ನೋಡಿಕೊಳ್ಳಲು. ಸ್ಕ್ಯಾನ್ ಒಂದನ್ನೇ ನಂಬಿ ಯಾರೂ ಕೈ ಹಾಕುವುದಿಲ್ಲ ಅಂದರು ಸರ್ಜನ್. ಮಾತಿಗೆ ಅಂಟಿದ್ದ ಕಡೆ ಗಡ್ಡೆಯ ಸಣ್ಣ ಅಂಚನ್ನು ಬೇಕೆಂದೇ ಬಿಟ್ಟಿದ್ದರು. ಉಳಿದದ್ದು ಹೊರಗೆ ಬಂದಿತ್ತು.

ಆಪರೇಷನ್ ಆದ ಮೇಲೆ ಮಾತು ಬರಲಿಲ್ಲ.

ಊತ ಇರುತ್ತದೆ, ಕಾಯಬೇಕು ಅಂದರು. ಹೇಳಿದ್ದೆಲ್ಲ ಶರಣಮ್ಮನಿಗೆ ಅರ್ಥವಾಗುತ್ತಿತ್ತು. ಹ್ಞೂ ಅನ್ನುತ್ತಿದ್ದರು, ಅಷ್ಟೇ. ಭಾಗ್ಯ ಸ್ಕೂಲು ಬಿಟ್ಟ ಮೇಲೆ ಯೂನಿಫಾರಮ್ಮಿನಲ್ಲೇ ಬಂದು ಅಮ್ಮನ ಪಕ್ಕ ಕೂರುತ್ತಿದ್ದಳು. ಅಮ್ಮ ಮಗಳ ಜಡೆ ನೇವರಿಸುತ್ತಿದ್ದರು. ಹೆಸರು ಬರುತ್ತಿರಲಿಲ್ಲ.

ನಾನೇನು ಸುಮ್ಮನೆ ಕೂರುತ್ತೇನೆಯೇ? ರಟ್ಟಿನ ಮೇಲೆ ಚಿತ್ರ ಅಂಟಿಸಿಕೊಂಡು ದಿನಾ ಹೋದೆ. "ಶರಣಮ್ಮ, ಇದು ಉಳ್ಳಾ… ಉಳ್ಳಾ…" ಅಂತ ಬಾಲವಾಡಿ ಟೀಚರಿನಂತೆ ಹೇಳಿಕೊಟ್ಟೆ. (ಈಗ ಉಳ್ಳಾಗಡ್ಡಿಯ ಪಕ್ಷ ಸೇರಿದ್ದೆ.) ಪಕ್ಕದ ಮಂಚದ ಅಜ್ಜಿಗೆ ಎಲ್ಲ ಪದಗಳೂ ಬಾಯಿಪಾಠವಾದವು. ಶರಣಮ್ಮ ಹ್ಞೂ ಅಂದರು.

ನಾಲ್ಕನೇ ದಿನ ನಾನು ಕಾಫಿ ಕುಡಿಯಲು ಕ್ಯಾಂಟೀನಿಗೆ ಹೋದೆ. ವಾಪಸ್ ಬಂದರೆ ವಿಮಲಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಮಲ್ಲಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದ. ಕೆಲಸದಿಂದ ಬಂದು ಮಂಚದ ಪಕ್ಕ ಕೂತ ಗಂಡನನ್ನು ನೋಡಿ ಶರಣಮ್ಮ "ಉಂಡ್ರಿ?" ಅಂದಿದ್ದರಂತೆ.

ಯಾರೂ ಹೇಳಿಕೊಡದ ಪದ. ನನ್ನ ಎರಡೂ ಪಟ್ಟಿಯಲ್ಲಿ ಇಲ್ಲದ್ದು.

ಸಂಜೆ ಭಾಗ್ಯ ಬಂದಾಗ ಅವಳ ಹೆಸರೂ ಬಂತು. ಮೊದಲು ಭಾ ಅಂದರು, ನಿಂತರು, ಪೂರ್ತಿ ಮಾಡಿದರು. ಆ ಹುಡುಗಿ "ಏನವ್ವಾ" ಅಂತ ಮಾಮೂಲಿಯಾಗಿ ಕೇಳಿದಳು, ಆಮೇಲೆ ಅತ್ತಳು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬಿಟ್ಟ ಅಂಚಿಗೆ ರೇಡಿಯೇಷನ್ ಕೊಟ್ಟಿದ್ದಾರೆ. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಇದೆ. ಪ್ರತಿ ಸಲ ಮಲ್ಲಣ್ಣ ಹಿಂದಿನ ದಿನದಿಂದ ಅನ್ನ ಬಿಡುತ್ತಾನೆ. ಶರಣಮ್ಮನ ಮಾತು ನಿಧಾನ, ಕೆಲವು ಪದಗಳಿಗೆ ಕಾಯಬೇಕು. ಕಾಯುವುದನ್ನು ನಾವು ಕಲಿಯುತ್ತಿದ್ದೇವೆ. ಕೆಲಸಕ್ಕೆ ಇನ್ನೂ ಬರುವ ಹಾಗಿಲ್ಲ. ಭಾನುವಾರ ನಾವೇ ರಾಮಮೂರ್ತಿ ನಗರಕ್ಕೆ ಹೋಗುತ್ತೇವೆ. ಮೊನ್ನೆ ಓನರಿನ ಹೊಸ ಕಿರಿಕಿರಿಯೊಂದನ್ನು ಹೇಳಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಪೂರ್ತಿ ಕೇಳಿದೆ. ನಾನು ಅವರನ್ನು ನೀವು ಅನ್ನಲು ಶುರುಮಾಡಿದ್ದೇನೆ. ಅದಕ್ಕೆ ಅವರು ಇನ್ನೂ ಹೊಂದಿಕೊಂಡಿಲ್ಲ.

ಕಳೆದ ವಾರ ಡಾಕ್ಟರ್ ಶೀಲಾ ಫೋನ್ ಮಾಡಿದ್ದರು.

"ಸರ್, ಚಾಮರಾಜನಗರ ಕಡೆಯವರು ಒಬ್ರು ಬಂದಿದಾರೆ. ಸೇಮ್ ಜಾಗದಲ್ಲಿ ಗಡ್ಡೆ. ನೀವು ಒಂದು ಲಿಸ್ಟ್ ಬರ್ಕೊಡ್ತೀರಾ?"

ಪೆನ್ನು ಕೈಯಲ್ಲೇ ಇತ್ತು. ಚಾಮರಾಜನಗರ ನನಗೆ ಗೊತ್ತಿಲ್ಲವೇ? ಎರಡು ಸಲ ಭಾಷಣಕ್ಕೆ ಹೋಗಿದ್ದೇನೆ. ಹಾಳೆ ಎಳೆದುಕೊಂಡೆ. ಒಂದು ಅಂತ ನಂಬರ್ ಹಾಕಿದೆ. ಅಲ್ಲಿಗೇ ನಿಂತೆ.

"ಅವರನ್ನೇ ಕೇಳಿಬಿಡಿ ಡಾಕ್ಟ್ರೇ" ಅಂದೆ.

ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೋಗಲು ಇನ್ನೊಬ್ಬರ ತಲೆ ಯಾಕೆ ತೆರೆಯಬೇಕಾಯಿತು?